ಅಂಗಡಿಯ ಬಿಲ್ಲಿಂಗಿಗೆ ಯಾವ ಭಾಷೆ?

ಪ್ರಶ್ನೆ: ನಮ್ಮ ದಿನಸಿ ಅಂಗಡಿಗೆ ನಾನೇ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯಬೇಕೆಂದಿದ್ದೇನೆ. ಯಾವ ಭಾಷೆ, ಯಾವ ಡೇಟಾಬೇಸ್ ಒಳ್ಳೆಯದು?

ಉತ್ತರ: ಭಾಷೆಗಿಂತ ಮೊದಲು ಗಲ್ಲಾದ ಸುತ್ತ ಇರುವ ಯಂತ್ರಗಳನ್ನು ನೋಡಿ. ಬಾರ್‌ಕೋಡ್ ಸ್ಕ್ಯಾನರ್‌ನಿಂದ ತೊಂದರೆಯಿಲ್ಲ. ಅದು ಸಾಮಾನ್ಯವಾಗಿ ಕೀಬೋರ್ಡಿನಂತೆಯೇ ಅಂಕಿಗಳನ್ನು ಟೈಪಿಸಿ ಎಂಟರ್ ಒತ್ತುತ್ತದೆ. ತಲೆನೋವು ಥರ್ಮಲ್ ಪ್ರಿಂಟರಿನದು. ವೆಬ್ ಪುಟದಿಂದ ಮುದ್ರಿಸಹೊರಟರೆ ಬ್ರೌಸರ್ ಸಾಮಾನ್ಯವಾಗಿ ಪ್ರತಿ ಬಿಲ್ಲಿಗೂ ಪ್ರಿಂಟ್ ಕಿಟಕಿ ತೆರೆದು ಅಪ್ಪಣೆ ಕೇಳುತ್ತದೆ. ಸಂಜೆಯ ಗಿರಾಕಿಗಳ ಮುಂದೆ ಇದು ನಡೆಯುವ ಮಾತಲ್ಲ. ಬಿಲ್ಲು ಕನ್ನಡದಲ್ಲೇ ಬೇಕೆ? (ಬೇಕು ಅನ್ನಿ, ದಯವಿಟ್ಟು.) ಇಂಥ ಬಹುತೇಕ ಪ್ರಿಂಟರುಗಳೊಳಗೆ ಕನ್ನಡ ಅಕ್ಷರಗಳೇ ಇಲ್ಲ, ಸಾಲುಗಳನ್ನು ಚಿತ್ರವಾಗಿಸಿ ಕಳಿಸಬೇಕು.

ಹಾಗಾಗಿ ವಿಂಡೋಸ್ ಕಂಪ್ಯೂಟರ್ ಇದ್ದರೆ ನನ್ನ ಓಟು ಸಿ ಶಾರ್ಪ್‌ಗೆ. ಪ್ರಿಂಟರ್, ಎಲೆಕ್ಟ್ರಾನಿಕ್ ತಕ್ಕಡಿ ಎರಡನ್ನೂ ಅದರಿಂದ ನೇರವಾಗಿ ನಡೆಸಬಹುದು. ದುಡ್ಡಿನ ಲೆಕ್ಕಕ್ಕೆ ಅದರ ಡೆಸಿಮಲ್ ಅನ್ನೇ ಬಳಸಿ. ಡಬಲ್ ಬಳಸಿದರೆ 0.1ಕ್ಕೆ 0.2 ಕೂಡಿದಾಗ 0.30000000000000004 ಆಗುತ್ತದೆ, ಜಿಎಸ್‌ಟಿ ಕೂಡುವಾಗ ಪೈಸೆಗಳು ತಪ್ಪುವುದು ಹೀಗೆಯೇ. ಪೈಥಾನ್ ಚೆನ್ನಾಗಿ ಬಲ್ಲವರಾದರೆ ಅದೂ ಸಾಕು. ವಿಷುವಲ್ ಬೇಸಿಕ್ 6 ಮಾತ್ರ ಬೇಡ, ಅದರ ಅಭಿವೃದ್ಧಿ ಸಾಧನಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿದೆ.

ಇನ್ನು ಡೇಟಾಬೇಸ್: ಒಂದೇ ಕೌಂಟರ್ ಆದರೆ ಎಸ್‌ಕ್ಯೂಲೈಟ್, ಹೆಚ್ಚಾದರೆ ಪೋಸ್ಟ್‌ಗ್ರೆಸ್. ಎರಡೂ ಉಚಿತ. ಬರೆದು ಮುಗಿದ ಮೇಲೆ ಅಂಗಡಿಗೆ ಒಯ್ಯುವ ಮುನ್ನ, ಬಿಲ್ಲು ಅರ್ಧವಾಗಿರುವಾಗ ಒಮ್ಮೆ ಪ್ಲಗ್ ಕಿತ್ತು, ಲೆಕ್ಕ ಉಳಿದಿದೆಯೇ ನೋಡಿ.