ಕಪಿಲೆಯ ಬಾನಿಯಿಂದ ಕ್ರಿಕೆಟ್ ಚೆಂಡಿಗೆ

ಉಚ್ಚಂಗಿದುರ್ಗವೆಂದೊಡನೆ ಜನರ ನೆನಪಿಗೆ ಬರುವುದು ಬೆಟ್ಟದ ಮೇಲಿನ ದೇವಿಯ ಗುಡಿ. ಇತಿಹಾಸ ಬಲ್ಲವರಿಗೆ ನೊಳಂಬರೂ ಪಾಂಡ್ಯರೂ ಆಳಿದ ಕೋಟೆ. ಹುಣ್ಣಿಮೆಗೆಂದು ಬಂದಿಳಿಯುವ ಭಕ್ತರಿಗೆ ಮೆಟ್ಟಿಲು ಹತ್ತುವ ಆತುರವೇ ಹೊರತು ಕೆಳಗಿನ ಬಯಲನ್ನು ನೋಡುವ ವ್ಯವಧಾನವಿರುವುದಿಲ್ಲ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿಯ ಈ ಸೀಮೆ ಮಳೆ ಕಡಿಮೆಯ ಸೀಮೆ. ವಿದ್ಯುತ್ ಪಂಪುಗಳು ಬರುವುದಕ್ಕೆ ಮೊದಲು ಇಂಥ ಊರುಗಳ ತೋಟಕ್ಕೆ ನೀರು ಬಂದದ್ದು ಚರ್ಮದ ಹೊಲಿಗೆಯ ದಯೆಯಿಂದ. ಇದು ಅಲಂಕಾರದ ಮಾತಲ್ಲ. ಕಪಿಲೆ ಬಾವಿಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ಮೇಲೇರಿ ಬರುತ್ತಿದ್ದುದು ದಪ್ಪ ತೊಗಲಿನ ಬಾನಿ. ಅದರ ಬುಡದ ತೊಗಲ ಸೊಂಡಿಲಿನಿಂದ ನೀರು ಕಾಲುವೆಗೆ ಸುರಿಯುತ್ತಿತ್ತು. ಹೊಲಿಗೆ ಒಂದೆಡೆ ಸಡಿಲಾದರೂ ಸಾಕು, ಎತ್ತಿನ ಅರ್ಧ ದುಡಿಮೆ ಮರಳಿ ಬಾವಿಯ ಪಾಲು.

ಆ ಬಾನಿಯನ್ನು ಹೊಲಿದವನಿಗೆ, ಮಿಣಿ ಬಾರುಕೋಲುಗಳನ್ನು ಮಾಡಿಕೊಟ್ಟವನಿಗೆ, ಸುಗ್ಗಿಯ ಕಣದಲ್ಲಿ ಆಯದ ಕಾಳು ಸಲ್ಲುತ್ತಿತ್ತು. ಕಾಳು ಸಂದಿತು, ಮನ್ನಣೆ ಸಲ್ಲಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಧೂಳಯ್ಯ ಮೆಟ್ಟು ಹೊಲಿಯುವ ಕಾಯಕದಿಂದಲೇ ಶರಣನಾಗಿ ವಚನ ಬರೆದನೆಂದು ನಾವು ಪಾಠದಲ್ಲಿ ಓದುತ್ತೇವೆ. ಓದಿ ಮುಗಿಸಿ, ಉಳಿ ರಂಪಿಗೆ ಹಿಡಿದವನ ಕೇರಿಯನ್ನು ಊರ ಹೊರಗೇ ಬಿಡುತ್ತ ಬಂದೆವು. ಪಂಪು ಬಂತು, ಬಾನಿ ಹೋಯಿತು. ರಬ್ಬರು, ಪ್ಲಾಸ್ಟಿಕ್ ಬಂದವು, ಮೆಟ್ಟು ಹೋಯಿತು. ಮಕ್ಕಳು ಈ ಕಸುಬೇ ಬೇಡವೆಂದರು. ಅವರ ಮೇಲೆ ತಪ್ಪು ಹೊರಿಸುವ ಅಧಿಕಾರ ಉಳಿದವರಾರಿಗೂ ಇಲ್ಲ.

ವಿಚಿತ್ರವೆಂದರೆ, ಊರಿನಲ್ಲಿ ಮೈಲಿಗೆಯೆನಿಸಿದ ಇದೇ ತೊಗಲು ಆಟದ ಬಯಲಿಗೆ ಹೋದೊಡನೆ ಪೂಜ್ಯವಾಗುತ್ತದೆ. ಕ್ರಿಕೆಟ್ ಚೆಂಡನ್ನು ಎಲ್ಲ ಜಾತಿಯ ಕೈಗಳೂ ಹಿಡಿಯುತ್ತವೆ, ಉಗುಳು ಬೆವರು ಹಚ್ಚಿ ಬಿಳಿಯ ಷರಾಯಿಗೆ ಉಜ್ಜಿ ಹೊಳಪು ಕೊಡುತ್ತವೆ. (ಉಗುಳನ್ನು ಈಗ ನಿಯಮವೇ ನಿಷೇಧಿಸಿದೆ; ಅದು ಬೇರೆ ಮಾತು.) ಆದರೆ ಅದೇ ಚೆಂಡನ್ನು ಎಸೆಯುವ ಕೈ ಚರ್ಮಗಾರನದಾದರೆ? ಉತ್ತರ ನಮ್ಮ ಧಾರವಾಡದಲ್ಲಿಯೇ ಉಂಟು. 1876ರಲ್ಲಿ ಅಲ್ಲಿ ಜನಿಸಿದ ಪಾಲ್ವಂಕರ್ ಬಾಳೂ ಚರ್ಮಗಾರ ಸಮುದಾಯದವರು. ಪುಣೆಯಲ್ಲಿ ಯೂರೋಪಿಯನ್ನರ ಕ್ಲಬ್ಬಿಗೆ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಸೇರಿ, ಮೈದಾನದ ಚಾಕರಿಯೊಡನೆ ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಡಗೈ ಸ್ಪಿನ್ ಕಲಿತರು. ಮುಂದೆ ಹಿಂದೂ ತಂಡಕ್ಕೆ ಅವರ ವಿಕೆಟ್ಟುಗಳು ಬೇಕಾದವು. ಆದರೆ ವಿರಾಮದ ಚಹಾ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬೇರೆಯ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಳೂ ಒಬ್ಬರೇ 114 ವಿಕೆಟ್ ಕಿತ್ತರು. ಅವರು ಹಿಡಿದ ಚೆಂಡಿನ ಹೊಲಿಗೆಯನ್ನು ಯಾರಾದರೂ ಮೈಲಿಗೆಯೆಂದರೇ?

ಆಟದ ಸಾಮಾನು ಹೊಲಿಯುವ ಕಸುಬು ನಮ್ಮ ನಾಡಿನಲ್ಲಿ ಬೇರುಬಿಟ್ಟಿಲ್ಲ. ಅದರ ಹಳೆಯ ಮನೆ ಸಿಯಾಲ್‌ಕೋಟ್. 1947ರ ದೇಶವಿಭಜನೆಯಲ್ಲಿ ಅಲ್ಲಿಂದ ಹೊರಟ ಕುಟುಂಬಗಳು ಜಲಂಧರ, ಮೀರತ್‌ಗಳಲ್ಲಿ ನೆಲೆಸಿ ಮರಳಿ ಮಳಿಗೆ ಹೂಡಿದವು. ಇಂದು ಭಾರತದಲ್ಲಿ ನಡೆಯುವ ಟೆಸ್ಟ್ ಪಂದ್ಯಗಳ ಚೆಂಡು ಬರುವುದು ಮೀರತ್‌ನಿಂದ. ಮನೆಮಠ ಕಳೆದುಕೊಂಡು ಬಂದವರು ಕಸುಬನ್ನು ಕೈಯಲ್ಲಿಟ್ಟುಕೊಂಡು ಬಂದರು. ಕೈಯಲ್ಲಿ ಕಸುಬಿದ್ದೂ ಅದನ್ನು ಕಳೆದುಕೊಳ್ಳುತ್ತಿರುವ ಊರುಗಳು ಕಲಿಯಬಹುದಾದದ್ದು ಇಲ್ಲಿ ಬೇಕಾದಷ್ಟಿದೆ.

ದುರ್ಗದ ತರುಣನೊಬ್ಬ, ಬಾನಿ ಹೊಲಿದವರ ಮೊಮ್ಮಗ, ಇಂಥ ಕೆಲಸ ಕಲಿಯಲು ಮನಸ್ಸು ಮಾಡಿದನೆನ್ನೋಣ. ಹೊಸ ಯಂತ್ರದ ಬೆಲೆ ಅವನ ಕೈಗೆಟುಕದು. ಬೆಂಗಳೂರಿನ ಕಾರ್ಖಾನೆಗಳು ಬಳಸಿ ಬಿಟ್ಟ ಯಂತ್ರಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಮೊದಲ ಎಡವಟ್ಟು ಅಲ್ಲಿಯೇ ಕಾದಿರುತ್ತದೆ. ಅಗ್ಗಕ್ಕೆ ಸಿಗುವುದು ಅಂಗಿ ಹೊಲಿಯುವ ಯಂತ್ರ. ಅದರಲ್ಲಿ ಬಟ್ಟೆಯನ್ನು ಮುಂದೂಡುವುದು ಕೆಳಗಿನ ಹಲ್ಲುಗಳು ಮಾತ್ರ. ಎರಡು ಪದರ ತೊಗಲು ಇಟ್ಟರೆ ಕೆಳಗಿನದು ಮುಂದೆ ಹೋಗುತ್ತದೆ, ಮೇಲಿನದು ಪಾದಕ್ಕೆ ಅಂಟಿ ಹಿಂದುಳಿಯುತ್ತದೆ. ಜೊತೆಗೆ ಹಲ್ಲಿನ ಗುರುತು ಬೇರೆ. ತೊಗಲಿಗೆ ಬೇಕಾದದ್ದು ವಾಕಿಂಗ್ ಫುಟ್ ಎಂಬ ಬಗೆಯದು. ಅದರಲ್ಲಿ ಮೇಲಿನ ಪಾದವೂ ಹೆಜ್ಜೆಯಿಡುತ್ತದೆ, ಕೆಲವು ಯಂತ್ರಗಳಲ್ಲಿ ಸೂಜಿಯೂ ಕೂಡಿಯೇ ಮುಂದೆ ಸಾಗುತ್ತದೆ. ರಸ್ತೆಬದಿಯ ಚಮ್ಮಾರರಲ್ಲಿ ಕಾಣುವ, ಪಾದ ಸುತ್ತಲೂ ತಿರುಗುವ ಯಂತ್ರ ರಿಪೇರಿಗೆ ಒಳ್ಳೆಯದು. ಅದರ ಪುಟ್ಟ ಬಾಬಿನ್ ದೊಡ್ಡ ಕೆಲಸಕ್ಕೆ ಸಾಲದು.

ಕೊಳ್ಳುವವನು ಬಣ್ಣ ನೋಡಬಾರದು. ಕೈಚಕ್ರವನ್ನು ಮೆಲ್ಲಗೆ ತಿರುಗಿಸಿ ಎಲ್ಲಾದರೂ ಹಿಡಿಯುತ್ತದೆಯೇ ಎಂದು ನೋಡಬೇಕು. ಸೂಜಿ ಹಿಡಿಯುವ ಸರಳನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಸೂಜಿ ತಳ ಮುಟ್ಟಿ ಮೇಲೇಳಲು ಆರಂಭಿಸಿದ ಕ್ಷಣಕ್ಕೆ ದಾರ ಸಣ್ಣ ಕುಣಿಕೆಯಾಗುತ್ತದೆ. ಆ ಕ್ಷಣಕ್ಕೇ ಕೊಕ್ಕೆಯ ಮೊನೆ ಸೂಜಿಯ ಮಗ್ಗುಲಿಗೆ ಸಾಗಿ ಅದನ್ನು ಎತ್ತಿಕೊಳ್ಳಬೇಕು. ಒಂದಿಷ್ಟು ಹೆಚ್ಚುಕಡಿಮೆಯಾದರೂ ಹೊಲಿಗೆ ತಪ್ಪುತ್ತದೆ. ಕೊಕ್ಕೆಯ ಮೊನೆ ಮುರಿದಿದ್ದರೆ ಅಗ್ಗದ ಯಂತ್ರ ಅಗ್ಗವಲ್ಲ.

ಇನ್ನು ಮೋಟಾರು. ಹಳೆಯ ಯಂತ್ರಗಳಿಗೆ ಕ್ಲಚ್ ಮೋಟಾರು ಇರುತ್ತದೆ. ಗುಂಡಿ ಒತ್ತಿದೊಡನೆ ಅದು ಪೂರ್ಣ ವೇಗದಲ್ಲಿ ತಿರುಗತೊಡಗುತ್ತದೆ. ಕಾಲೊತ್ತಿದಾಗ ಆ ವೇಗವಷ್ಟೂ ಸೂಜಿಗೆ ನುಗ್ಗುತ್ತದೆ. ದಿನಕ್ಕೆ ಸಾವಿರ ಅಂಗಿ ಬೇಕಾದ ಕಡೆ ಅದು ಸರಿ. ಕಲಿಯುವವನಿಗೆ ಅದು ಹುಲಿಸವಾರಿ. ಬದಲಾಗಿ ವೇಗವನ್ನು ತಗ್ಗಿಸಿಟ್ಟುಕೊಳ್ಳಬಹುದಾದ ಸರ್ವೋ ಮೋಟಾರು ಹಾಕಿಸಿದರೆ ಒಂದೊಂದೇ ಹೊಲಿಗೆ ಎಣಿಸಿ ಹಾಕಬಹುದು. ಅದು ವಿದ್ಯುತ್ತನ್ನೂ ಉಳಿಸುತ್ತದೆ.

ಇಷ್ಟು ಎಚ್ಚರ ಏತಕ್ಕೆ? ಬಟ್ಟೆಯ ಹೊಲಿಗೆ ತಪ್ಪಿದರೆ ಬಿಚ್ಚಬಹುದು. ನೂಲಿನ ಎಳೆಗಳು ಮತ್ತೆ ಕೂಡಿ ತೂತು ಮುಚ್ಚುತ್ತವೆ. ತೊಗಲು ಮರೆಯುವುದಿಲ್ಲ. ಸೂಜಿ ಬಿದ್ದ ಕಡೆ ತೂತು ಕೊನೆತನಕ ಇರುತ್ತದೆ. ಗಟ್ಟಿಯಾಗಲೆಂದು ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿದರೋ, ಅಂಚೆಚೀಟಿಯ ಅಂಚಿನಂತೆ ಅಲ್ಲಿಯೇ ಹರಿಯುತ್ತದೆ. ಆದುದರಿಂದ ಮೂರು ನಾಲ್ಕು ಮಿಲಿಮೀಟರಿನ ಹೊಲಿಗೆ ಸಾಕು. ದಪ್ಪ ತೊಗಲಿಗೆ 18ರಿಂದ 23ರವರೆಗಿನ ದಪ್ಪ ಸೂಜಿ ಬೇಕು, ಅದರ ಮೊನೆ ಚುಚ್ಚುವುದಕ್ಕಿಂತ ಕೊಯ್ಯುವಂತಿರಬೇಕು. ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಬಾಳುತ್ತದೆ. ಮೇಲಿನ ದಾರವೂ ಕೆಳಗಿನ ದಾರವೂ ತೊಗಲಿನ ನಡುವೆ ಸಂಧಿಸಬೇಕು. ಒಂದು ಮುಖದಲ್ಲಿ ಗಂಟು ಕಂಡಿತೆಂದರೆ ಬಿಗಿತ ತಪ್ಪಿದೆ.

ಮೊದಲ ಪಾಠ ದಾರವಿಲ್ಲದೆ, ಬರಿಯ ಕಾಗದದ ಮೇಲೆ: ಗೆರೆ ಎಳೆದು ಅದರ ಮೇಲೆ ತೂತುಗಳ ಸಾಲು. ಆಮೇಲೆ ಚೂರು ತೊಗಲು. ತಿರುವಿನಲ್ಲಿ ಸೂಜಿಯನ್ನು ಕೆಳಗೇ ನಿಲ್ಲಿಸಿ, ಪಾದವೆತ್ತಿ, ತೊಗಲನ್ನು ತಿರುಗಿಸುವುದು ಕೈಗೆ ಹತ್ತಬೇಕು. ಮಾರಬಹುದಾದ ಮೊದಲ ವಸ್ತು ಬಹುಶಃ ಮುಷ್ಟಿಯಭ್ಯಾಸದ ಚೀಲ. ಅದರ ಹೊಲಿಗೆಗಳು ಬಹುಮಟ್ಟಿಗೆ ನೇರ. ಅದರಲ್ಲಿಯೂ ಎಚ್ಚರ ಬೇಕಾದದ್ದು ತೂಗುಪಟ್ಟಿಯ ಬಳಿ. ಚೌಕ ಹೊಲಿದು ಒಳಗೆ ಅಡ್ಡಡ್ಡ ಹೊಲಿಗೆ ಹಾಕದಿದ್ದರೆ ಒಂದು ದಿನ ಇಡೀ ಭಾರ ಹುಡುಗನ ಕಾಲಮೇಲೆ. ಮುಷ್ಟಿಯಾಟದ ಕೈಗವುಸು ಕಷ್ಟ: ಒಳಹೊರಗು ಮಾಡಿ ಹೊಲಿದು, ಬಳಿಕ ಮಗುಚಬೇಕು, ಮಗುಚಿದಾಗಲೇ ತಪ್ಪು ಹೊರಬೀಳುವುದು.

ಚೆಂಡಿನ ಮಾತೇ ಬೇರೆ. ಒಳ್ಳೆಯ ಚೆಂಡಿನ ಹೊದಿಕೆ ಪಟಿಕದಿಂದ ಹದಗೊಳಿಸಿದ ತೊಗಲಿನ ನಾಲ್ಕು ತುಂಡು. ಎರಡೆರಡನ್ನು ಹೊಲಿಗೆ ಹೊರಗೆ ಕಾಣದಂತೆ ಕೂಡಿಸಿ ಎರಡು ಬಟ್ಟಲು ಮಾಡುತ್ತಾರೆ. ಒಳಗೆ ಬೆಂಡು ಮತ್ತು ಉಣ್ಣೆಯ ದಾರದ ಗುಂಡು. ಬಟ್ಟಲುಗಳನ್ನು ನಡುಗೆರೆಯಲ್ಲಿ ಸೇರಿಸುವ ಹೊಲಿಗೆಯ ಆರು ಸಾಲುಗಳಿರುತ್ತವೆ. ಮುಗಿದ ಚೆಂಡು 155.9ರಿಂದ 163 ಗ್ರಾಂ ತೂಗಬೇಕು, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್ ಇರಬೇಕು. ಆಸ್ಟ್ರೇಲಿಯದ ಕೂಕಬುರಾ ಚೆಂಡಿನಲ್ಲಿ ಹೊರಗಿನ ನಾಲ್ಕು ಸಾಲು ಯಂತ್ರದ್ದು; ಅದರ ಅಂಚು ಬೇಗನೆ ಮಲಗುತ್ತದೆ. ಮೀರತ್‌ನ ಚೆಂಡಿನಲ್ಲಿ ಆರು ಸಾಲೂ ಕೈಯವು; ಅದರ ಅಂಚು ಹೆಚ್ಚು ಹೊತ್ತು ಎದ್ದು ನಿಲ್ಲುತ್ತದೆ. ಯಂತ್ರದ ಹೊಲಿಗೆಯಲ್ಲಿ ಒಂದು ದಾರ ಸವೆದು ಹರಿದರೆ ಪಕ್ಕದವೂ ಸಡಿಲಾಗುತ್ತವೆ. ಕೈಹೊಲಿಗೆಯಲ್ಲಿ ದಾರದ ಎರಡು ತುದಿಗಳೂ ಒಂದೇ ತೂತಿನಲ್ಲಿ ಎದುರುಬದಿರಾಗಿ ದಾಟುತ್ತವೆ. ಒಂದು ಹರಿದರೆ ಇನ್ನೊಂದು ಹಿಡಿದಿರುತ್ತದೆ.

ಕಲಿಯುವ ಮೊಮ್ಮಗ ಅಲ್ಲಿಗೆ ಬಂದಾಗ ಯಂತ್ರ ಸುಮ್ಮನಾಗುತ್ತದೆ. ಮುಂದಿನದನ್ನು ತೋರಿಸಬಲ್ಲವನು ಮನೆಯ ಜಗಲಿಯಲ್ಲಿ ಕುಳಿತ ತಾತ. ಉಳಿಯನ್ನು ಎಷ್ಟು ಓರೆಯಾಗಿ ಊರಬೇಕು, ದಾರಕ್ಕೆ ಜೇನುಮೇಣ ಎಷ್ಟು ತೀಡಬೇಕು, ಎಳೆಯುವಾಗ ತೊಗಲು ಮುದುಡುವ ಮೊದಲು ಎಲ್ಲಿ ಕೈ ತಡೆಯಬೇಕು: ಮೆಟ್ಟು ಹೊಲಿದು ಕಾಯಿಗಟ್ಟಿದ ಬೆರಳುಗಳಿಗೆ ಅದೆಲ್ಲ ಗೊತ್ತು. ಸೂಜಿಗೆ ದಾರ ಪೋಣಿಸಲು ಮಾತ್ರ ಮುದುಕನ ಕಣ್ಣು ಸಾಲದು. ಅಷ್ಟನ್ನು ಹುಡುಗ ಮಾಡಿಕೊಡಬೇಕು.