ಅಣ್ಣನೋ? ತಮ್ಮನೋ?

1903ನೆಯ ಇಸವಿ ಡಿಸೆಂಬರ್ 17ರಂದು ಅಮೇರಿಕೆಯಲ್ಲಿ ವಿಲ್ಬರ್ ರೈಟ್, ಆರ್ವಿಲ್ ರೈಟ್ ಎಂಬಿಬ್ಬರು ಯಂತ್ರಬಲದಿಂದ ವಿಮಾನವನ್ನು ಹಾರಿಸಿ ಲೋಕವಿಖ್ಯಾತರಾದರು. ಇಂಗ್ಲಿಷಿನವರು ಅವರನ್ನು 'ಬ್ರದರ್ಸ್' ಎಂದು ಕರೆದು ಸುಮ್ಮನಾಗುತ್ತಾರೆ. ಕನ್ನಡ ವಾಚಕನಾದರೋ ಅಷ್ಟಕ್ಕೆ ತೃಪ್ತನಾಗನು. ಅಣ್ಣನಾರು, ತಮ್ಮನಾರು ಎಂದು ಕೇಳುವನು. 1867ರಲ್ಲಿ ಹುಟ್ಟಿದ ವಿಲ್ಬರನು ಅಣ್ಣ, 1871ರಲ್ಲಿ ಹುಟ್ಟಿದ ಆರ್ವಿಲನು ತಮ್ಮ ಎಂದು ತಿಳಿದ ಮೇಲೆಯೇ ಅವನಿಗೆ ಸಮಾಧಾನ. ಪರಭಾಷೆಯ ವರ್ತಮಾನವನ್ನು ಕನ್ನಡಿಸುವವರೆಲ್ಲರಿಗೂ ಈ ತೊಡಕು ಗೊತ್ತು. ಹಿರಿಕಿರಿಯರ ವಿವರ ದೊರೆಯದಾಗ 'ಸಹೋದರ'ನೆಂದು ಬರೆದು ನಾವು ಪಾರಾಗುತ್ತೇವೆ.

ನಮ್ಮ ನೆರೆಹೊರೆಯ ನುಡಿಗಳೂ ಈ ವಿಷಯದಲ್ಲಿ ನಮ್ಮಂತೆಯೇ ಇವೆ. ತಮಿಳರಿಗೆ ಅಣ್ಣನ್, ತಂಬಿ, ಅಕ್ಕಾಳ್, ತಂಗೈ. ತೆಲುಗರಿಗೆ ಅನ್ನ, ತಮ್ಮುಡು, ಅಕ್ಕ, ಚೆಲ್ಲೆಲು. ತುಳುವರಲ್ಲಿ ತಮ್ಮನು ಮೆಗ್ಯೆ, ತಂಗಿಯು ಮೆಗ್ದಿ. ಕಿರಿಯರನ್ನು ಹೆಸರು ಹಿಡಿದು ಕೂಗಬಹುದು, ಹಿರಿಯರನ್ನು ಕೂಗಲಾಗದು ಎಂಬ ಮನೆಯ ಮರ್ಯಾದೆಯು ಈ ಶಬ್ದಗಳಲ್ಲಿಯೇ ಅಡಗಿದೆ. ನಮ್ಮ ಕೆಲವು ಮನೆತನಗಳಲ್ಲಿ ತಂದೆಯನ್ನೇ 'ಅಣ್ಣ' ಎಂದು ಕರೆಯುವ ರೂಢಿಯುಂಟು. ಅವಿಭಕ್ತ ಕುಟುಂಬದಲ್ಲಿ ಚಿಕ್ಕಪ್ಪಂದಿರ ಬಾಯಿಂದ ಕೇಳಿದ ಮಾತನ್ನು ಮಕ್ಕಳೂ ಕಲಿತರೆ ಆಶ್ಚರ್ಯವೇನು? ಹನ್ನೆರಡನೆಯ ಶತಮಾನದ ಮಹಾದೇವಿಯಂತೂ ನಾಡಿಗೆಲ್ಲ 'ಅಕ್ಕ'ನಾದಳು.

ಇದರಿಂದ ನಮ್ಮ ನುಡಿಯೇ ಮೇಲೆಂದು ಬೀಗಬೇಕಾದುದಿಲ್ಲ. ಜಪಾನೀಯರೂ ಚೀನೀಯರೂ ಅಣ್ಣ ತಮ್ಮಂದಿರನ್ನು ಬೇರೆ ಬೇರೆ ಶಬ್ದಗಳಿಂದಲೇ ಕರೆಯುತ್ತಾರೆ. ಮಲಯ ಭಾಷೆಯ 'ಆದಿಕ್' ಎಂಬುದು ತಮ್ಮನಿಗೂ ಸಲ್ಲುವುದು, ತಂಗಿಗೂ ಸಲ್ಲುವುದು. ಅಲ್ಲಿ ವಯಸ್ಸು ಮುಖ್ಯ, ಗಂಡು ಹೆಣ್ಣೆಂಬ ಭೇದ ಗೌಣ. ಸ್ಪೇನ್ ಫ್ರಾನ್ಸುಗಳ ಗಡಿಯಲ್ಲಿರುವ ಬಾಸ್ಕರ ರೀತಿಯೇ ಬೇರೆ: ಗಂಡಸು ತನ್ನ ಸೋದರನನ್ನು 'ಅನಾಯ' ಎಂದರೆ, ಹೆಂಗಸು ತನ್ನ ಸೋದರನನ್ನು 'ನೆಬ' ಎನ್ನುವಳು. ಇಂಗ್ಲಿಷಿನ 'ಬ್ರದರ್' ಶಬ್ದವು ಸಂಸ್ಕೃತದ 'ಭ್ರಾತೃ'ವಿನ ಬಳಗದ್ದೇ. ಗ್ರೀಕರ 'ಅದೆಲ್ಫೊಸ್' ಶಬ್ದಕ್ಕೋ, ನಮ್ಮ 'ಸಹೋದರ'ಕ್ಕೆ ಇರುವಂತೆಯೇ, ಒಂದೇ ಗರ್ಭದಲ್ಲಿ ಹುಟ್ಟಿದವನೆಂದು ಅರ್ಥ. ಪ್ರತಿಯೊಂದು ಜನಾಂಗವೂ ತನಗೆ ಬೇಕಾದ ಭೇದವನ್ನು ಉಳಿಸಿಕೊಂಡು ಬೇಡವಾದುದನ್ನು ಬಿಟ್ಟಿದೆ.

ಆದರೆ ನಮ್ಮ 'ಅಣ್ಣ'ನ ವ್ಯಾಪ್ತಿಯು ಒಡಹುಟ್ಟಿನಲ್ಲಿಯೇ ಮುಗಿಯುವುದಿಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೂ, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳೂ ನಮಗೆ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ. ಸೋದರಮಾವನ ಮಕ್ಕಳೂ ಸೋದರತ್ತೆಯ ಮಕ್ಕಳೂ ಹಾಗಲ್ಲ. ಅವರು ಭಾವ, ಮೈದುನ, ಅತ್ತಿಗೆ, ನಾದಿನಿಯರು. ಇಂಗ್ಲಿಷಿನವರು ಇವರೆಲ್ಲರನ್ನೂ 'ಕಸಿನ್' ಎಂಬ ಒಂದೇ ಚೀಲಕ್ಕೆ ತುಂಬುವರು. ಅಮೇರಿಕದ ಲೂಯಿ ಹೆನ್ರಿ ಮಾರ್ಗನ್ ಎಂಬ ಪಂಡಿತನು 1871ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ತಮಿಳು, ತೆಲುಗುಗಳೊಡನೆ ಕನ್ನಡದ ನೆಂಟಸ್ತಿಕೆಯ ಶಬ್ದಗಳನ್ನೂ ಪಟ್ಟಿಮಾಡಿ, ಇವುಗಳ ಹಿಂದೆ ಒಂದು ಕ್ರಮಬದ್ಧವಾದ ವ್ಯವಸ್ಥೆಯಿರುವುದನ್ನು ತೋರಿಸಿದನು.

ಇದು ಪಂಡಿತರ ವಿನೋದವೆಂದು ಅಧಿಕಾರಿಗಳು ತಳ್ಳಿಹಾಕಬಾರದು. ಹಳ್ಳಿಯ ರೈತನೊಬ್ಬನು ಕಚೇರಿಯಲ್ಲಿ ನಿಂತು, ತೀರಿಹೋದವನು "ನನ್ನ ಅಣ್ಣ" ಎನ್ನುತ್ತಾನೆ. ಅವನ ಮಾತು ಸತ್ಯವೇ. ಆದರೆ ಸತ್ತವನು ದೊಡ್ಡಪ್ಪನ ಮಗನಾಗಿರಬಹುದು. ಗುಮಾಸ್ತನು ಅದನ್ನು 'ಬ್ರದರ್' ಎಂದು ಬರೆದುಬಿಟ್ಟರೆ ವಂಶವೃಕ್ಷವೇ ತಪ್ಪುವುದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ, ಉಯಿಲು ಬರೆಯದೆ ತೀರಿಹೋದ ಪುರುಷನ ಆಸ್ತಿಗೆ, ಮೊದಲ ವರ್ಗದ ವಾರಸುದಾರರೂ ತಂದೆಯೂ ಇಲ್ಲದ ಪಕ್ಷದಲ್ಲಿ, ಒಡಹುಟ್ಟಿದವರು ಹಕ್ಕುಳ್ಳವರ ಸಾಲಿನಲ್ಲಿ ಬರುತ್ತಾರೆ. ದೊಡ್ಡಪ್ಪನ ಮಗನ ಸ್ಥಾನವು ಬಹಳ ಹಿಂದೆ. ಒಂದು ಶಬ್ದದ ಅಜಾಗರೂಕತೆಯಿಂದ ಒಬ್ಬನ ಹೊಲ ಮತ್ತೊಬ್ಬನ ಪಾಲಾಗಬಹುದು. ಸತ್ಯವನ್ನೇ ನುಡಿದ ರೈತನು ಸುಳ್ಳುಗಾರನೆನಿಸಿಕೊಳ್ಳಬಹುದು.

ಪರಿಹಾರವು ಕಷ್ಟವಾದುದಲ್ಲ. "ಒಡಹುಟ್ಟಿದ ಅಣ್ಣನೋ, ದೊಡ್ಡಪ್ಪನ ಮಗನೋ, ದೊಡ್ಡಮ್ಮನ ಮಗನೋ?" ಎಂದು ಇನ್ನೊಂದು ಮಾತು ಕೇಳಿ, ಬಂದ ಉತ್ತರವನ್ನು ಕನ್ನಡದಲ್ಲಿ ಹೇಳಿದಂತೆಯೇ ಬರೆದರೆ ಸಾಕು. ಜನರ ಸಂಬಂಧಗಳನ್ನು ಜನರ ಮಾತಿನಲ್ಲಿಯೇ ದಾಖಲು ಮಾಡುವುದು ಬರಿಯ ಭಾಷಾಭಿಮಾನವಲ್ಲ, ನ್ಯಾಯದ ಮೊದಲ ಮೆಟ್ಟಿಲು ಎಂದು ನಾವು ನಂಬುತ್ತೇವೆ.