ಕುದುರೆ ಲಾಯದಲ್ಲಿ ಬಿರಿದ ತೋಟೆಗಳು

ಹಿತ್ತಾಳೆ ಕೊಡಪಾನ ಕೊಳ್ಳುವಾಗ ಹಿರಿಯರು ಅದನ್ನು ಬೆರಳ ಗಂಟಿನಿಂದ ತಟ್ಟಿ ಸದ್ದು ಕೇಳುವುದನ್ನು ನೋಡಿದ್ದೀರಾ? ಬರೀ ಹೊಳಪನ್ನು ಅವರು ನಂಬುವುದಿಲ್ಲ. ಹುಣಸೆಹುಳಿ ಹಾಕಿ ಉಜ್ಜಿದರೆ ಹಳೆಯ ಪಾತ್ರೆಯೂ ಹೊಳೀತದೆ. ಒಳಗೆ ಲೋಹ ಹೇಗಿದೆ ಎಂಬುದು ಬೇರೆಯೇ ಪ್ರಶ್ನೆ. ಕೊಡಪಾನದ ವಿಷಯದಲ್ಲಿ ಲೆಕ್ಕ ತಪ್ಪಿದರೆ ನೀರು ಸೋರಬಹುದು, ಅಷ್ಟೆ. ಕೋವಿಯ ತೋಟೆಯೂ ಹಿತ್ತಾಳೆಯದ್ದೇ. ಅಲ್ಲಿ ಲೆಕ್ಕ ತಪ್ಪಿದರೆ ಸೋರುವುದು ಸುಡುವ ಅನಿಲ, ಅದೂ ಗುಂಡು ಹಾರಿಸುವವರ ಮುಖದ ಪಕ್ಕದಲ್ಲೇ.

ರೈಫಲಿನ ತೋಟೆಯಲ್ಲಿ ಮುಂದೆ ಗುಂಡು, ಒಳಗೆ ಮದ್ದು, ಹಿಂದೆ ಕಿಡಿ ಕೊಡುವ ಕೇಪು ಇರುತ್ತವೆ. ಇವನ್ನೆಲ್ಲ ಹಿಡಿದಿಡುವುದು ಹಿತ್ತಾಳೆಯ ಕೊಳವೆ. ಇದರಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಮದ್ದು ಉರಿದಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ 3000 ಪಟ್ಟನ್ನೂ ಮೀರಬಹುದು. ಆ ಕ್ಷಣ ಕೊಳವೆ ಉಬ್ಬಿ ಕೋವಿಯ ಗೋಡೆಗೆ ಅಂಟಿ ಅನಿಲವನ್ನು ತಡೆಯಬೇಕು. ಮರುಕ್ಷಣ ತುಸು ಕುಗ್ಗಿ ಸಲೀಸಾಗಿ ಹೊರಗೆ ಬರಬೇಕು. ಉಬ್ಬಲು ಮೆದುವಾಗಿರಬೇಕು, ಕುಗ್ಗಲು ಸ್ಪ್ರಿಂಗಿನ ಗುಣ ಬೇಕು. ಎರಡೂ ಒಂದೇ ಲೋಹದಲ್ಲಿ ಬೇಕು ಅಂದ್ರೆ ಹಿತ್ತಾಳೆಯಷ್ಟು ಒಗ್ಗುವುದು ಕಡಿಮೆ.

ಈಗ ಮಳೆಗಾಲದ ಕತೆಗೆ ಬನ್ನಿ. ಬ್ರಿಟಿಷರ ಕಾಲದಲ್ಲಿ ಮಳೆ ಹಿಡಿದರೆ ಸೈನ್ಯದ ಓಡಾಟ ಕಡಿಮೆಯಾಗುತ್ತಿತ್ತು. ಆಗ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ತೋಟೆಗಳು ಬಿರಿದಿರುತ್ತಿದ್ದವು! ಯಾರೂ ಹಾರಿಸಿರಲಿಲ್ಲ, ಯಾರೂ ಬಡಿದಿರಲಿಲ್ಲ. ಗುಂಡನ್ನು ಹಿತ್ತಾಳೆ ಬಿಗಿಯಾಗಿ ಅಪ್ಪಿದ ಕತ್ತಿನ ಭಾಗದಲ್ಲೇ ಬಿರುಕು ಹೆಚ್ಚು. ಇದಕ್ಕೆ ಸರಿಯಾದ ವಿವರಣೆ ಸಿಕ್ಕಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರಿಂದ.

ಬೆಳಿಗ್ಗೆ ದನದ ಹಟ್ಟಿಗೆ ಕಾಲಿಟ್ಟಾಗ ಮೂಗಿಗೆ ಬಡಿಯುವ ಘಾಟು ನಿಮಗೆ ಗೊತ್ತಲ್ವಾ? ಅದು ಅಮೋನಿಯ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅದು ಹುಟ್ಟುತ್ತದೆ. ಕುದುರೆ ಲಾಯದಲ್ಲೂ ಅದೇ. ಮಳೆಗಾಲದ ತೇವದಲ್ಲಿ ಕರಗಿದ ಅಮೋನಿಯ, ಗಾಳಿಯ ಆಕ್ಸಿಜನ್ ಜೊತೆ ಸೇರಿ ತಾಮ್ರವನ್ನು ಕರಗಿಸುತ್ತದೆ. ಪ್ರಯೋಗಾಲಯದಲ್ಲಿ ಮೈಲುತುತ್ತದ ದ್ರಾವಣಕ್ಕೆ ಅಮೋನಿಯ ಹೆಚ್ಚಾಗಿ ಹಾಕಿದರೆ ಕಡುನೀಲಿ ಬಣ್ಣ ಬರ್ತದಲ್ಲ, ಅದೂ ತಾಮ್ರ ಮತ್ತು ಅಮೋನಿಯ ಸೇರಿದ ಸಂಯುಕ್ತವೇ.

ಆದರೆ ಅಮೋನಿಯ ಒಂದೇ ತಪ್ಪಿತಸ್ಥ ಅಲ್ಲ. ಅದೇ ಹಿತ್ತಾಳೆಯನ್ನು ಚೆನ್ನಾಗಿ ಕಾಯಿಸಿ ಮೆದುಮಾಡಿ ಅದೇ ಲಾಯದಲ್ಲಿಟ್ಟಿದ್ದರೆ ಬಣ್ಣ ಕೆಡುತ್ತಿತ್ತು, ಹೀಗೆ ಬಿರಿಯುತ್ತಿರಲಿಲ್ಲ. ತೋಟೆಯನ್ನು ಎರಕ ಹೊಯ್ದು ಮಾಡುವುದಿಲ್ಲ. ಹಿತ್ತಾಳೆಯ ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಹಂತ ಹಂತವಾಗಿ ಎಳೆದು ಉದ್ದ ಮಾಡುತ್ತಾರೆ. ಹೀಗೆ ಎಳೆದಾಗ ಲೋಹದೊಳಗೆ ಬಿಗಿತ ಉಳಿದುಬಿಡುತ್ತದೆ. ಹೊರಗಿನಿಂದ ಯಾರೂ ಎಳೆಯದಿದ್ದರೂ ಒಳಗೇ ಎಳೆದಾಟ. ಲೋಹದ ಸಣ್ಣ ಸಣ್ಣ ಹರಳುಗಳ ನಡುವಿನ ಗಡಿಯನ್ನು ಅಮೋನಿಯ ಕೊರೆಯುತ್ತದೆ, ಬಿಗಿತ ಆ ಕೊರೆತವನ್ನು ಅಗಲಿಸುತ್ತದೆ. ಇಬ್ಬರೂ ಸೇರಿದರೆ ಮಾತ್ರ ಈ ಬಿರುಕು.

ಲೋಹ ಹೀಗೆ ಬಿಗಿಯುವುದನ್ನು ನಿಮ್ಮ ಕೈಯಲ್ಲೇ ತಿಳಿಯಬಹುದು. ದಪ್ಪನೆಯ ತಾಮ್ರದ ತಂತಿಯನ್ನು ಪೆನ್ಸಿಲಿಗೆ ಸುತ್ತಿ ನೇರಮಾಡಿ, ಮತ್ತೆ ಸುತ್ತಿ. ನಾಲ್ಕೈದು ಸಲಕ್ಕೆ ಅದು ಹಟ ಹಿಡೀತದೆ. ಈಗ ಶಿಕ್ಷಕರ ಎದುರು, ಇಕ್ಕುಳದಲ್ಲಿ ಹಿಡಿದು ಸ್ಪಿರಿಟ್ ದೀಪದಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ. ಪುನಃ ಮೆದು! ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುತ್ತಿತ್ತು. ತಾಮ್ರ, ಹಿತ್ತಾಳೆಗಳ ಸ್ವಭಾವವೇ ಬೇರೆ. ಹೀಗೆ ಹದವಾಗಿ ಕಾಯಿಸುವುದಕ್ಕೆ ಅನೀಲಿಂಗ್ ಅಂತಾರೆ. ತೋಟೆಯ ಕತ್ತನ್ನು ಕಾರ್ಖಾನೆಯಲ್ಲಿ ಹೀಗೆಯೇ ಕಾಯಿಸುತ್ತಾರೆ, ಬುಡವನ್ನು ಮಾತ್ರ ಗಡುಸಾಗಿಯೇ ಬಿಡುತ್ತಾರೆ. ಸೈನ್ಯದ ತೋಟೆಗಳ ಕತ್ತಿನಲ್ಲಿ ಕಾಣುವ ನೀಲಿ ಛಾಯೆಯ ಕಲೆ ಕೊಳೆಯಲ್ಲ, ಕಾಯಿಸಿದ ಗುರುತು.

ಕೆಲವು ದೇಶಗಳಲ್ಲಿ ಗುರಿ ಸ್ಪರ್ಧೆಯವರು ಖಾಲಿ ಕೊಳವೆಯನ್ನು ಮತ್ತೆ ತುಂಬಿಸಿ ಬಳಸುತ್ತಾರೆ. (ನಮ್ಮಲ್ಲಿ ತೋಟೆಗಳೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಒಳಪಟ್ಟವು. ದಾರಿಯಲ್ಲಿ ತೋಟೆ ಕಂಡರೆ ಹೆಕ್ಕಬೇಡಿ, ದೊಡ್ಡವರಿಗೆ ಹೇಳಿ, ಪೊಲೀಸರಿಗೆ ತಿಳಿಸಲಿ.) ಅವರು ಕೊಳವೆಯನ್ನು ಪರೀಕ್ಷಿಸುವುದು ನೋಡಿದರೆ ಈ ಪಾಠವೆಲ್ಲ ಅಲ್ಲಿದೆ. ಪ್ರತಿ ಸಲವೂ ಉಬ್ಬಿ ಕುಗ್ಗಿ ಕತ್ತು ಗಡುಸಾಗುತ್ತದೆ, ಆದ್ದರಿಂದ ಮೊದಲು ಅಲ್ಲಿ ಸೀಳಿದೆಯೇ ಎಂದು ಬೆಳಕಿಗೆ ಹಿಡಿಯುತ್ತಾರೆ. ಬುಡದಿಂದ ತುಸು ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ ಅದು ಇನ್ನೂ ಕೆಟ್ಟದ್ದು: ಹಿತ್ತಾಳೆ ಅಲ್ಲಿ ಎಳೆದು ತೆಳುವಾಗಿರಬಹುದು, ಮುಂದಿನ ಸಲ ಎರಡು ತುಂಡಾಗಬಹುದು. ಒಳಗೆ ಸಣ್ಣ ಬಾಗಿದ ತಂತಿ ಇಳಿಸಿ ಆ ಜಾಗದಲ್ಲಿ ತಗ್ಗು ಸಿಗುತ್ತದೆಯೇ ಎಂದು ತಡವುತ್ತಾರೆ. ಕೇಪು ಕೂರುವ ಗುಳಿ ಸಡಿಲಾಗಿದ್ದರೂ ಬೇಡ. ಕೆಲವರು ಒಂದೊಂದನ್ನೂ ತೂಗಿ ಸಮತೂಕದವನ್ನು ಬೇರೆ ಇಡುತ್ತಾರೆ. ನಿಖರತೆಗೆ ಅದು ಒಳ್ಳೆಯದೇ, ಆದರೆ ಬಿರುಕನ್ನು ತಕ್ಕಡಿ ತೋರಿಸುವುದಿಲ್ಲ.

ತೊಳೆಯುವಾಗಲೂ ಅವರಿಗೊಂದು ಎಚ್ಚರ ಇದೆ. ಪೇಟೆಯಲ್ಲಿ ಸಿಗುವ ಕೆಲವು ಹಿತ್ತಾಳೆ ಪಾಲಿಶ್‌ಗಳಲ್ಲಿ ಅಮೋನಿಯ ಇರುತ್ತದೆ. ಅದನ್ನು ಹಾಕಿದರೆ ಕೊಳವೆ ಕನ್ನಡಿಯಂತೆ ಹೊಳೀತದೆ ನಿಜ, ಆದ್ರೆ ಲಾಯದ ಕೆಲಸ ಅಲ್ಲೂ ಶುರುವಾಗಬಹುದು.